ಡೇರೆ ಹೂಡುವ ತಾಲೀಮು

ಮನೆಯೊಳಗೆ ಮೂವತ್ತು ವರ್ಷ ಬಾಳಲು ಬೇಕಾದುದಕ್ಕಿಂತ ಮನೆಯ ಹೊರಗೆ ಮೂರು ದಿನ ತಂಗಲು ಬೇಕಾಗುವ ಸಾಮಾನೇ ಹೆಚ್ಚು ಎಂಬ ಸತ್ಯ ನನಗೆ ಹೊಳೆದದ್ದು, ಹುಣಸೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲೂ ಜಾಗವಿಲ್ಲದಂತಾದ ಮೇಲೆ. ಟಾರ್ಚು, ಚಾಪೆ, ಹಗ್ಗ, ಚೆಂಬು, ಹುರಿಗಡಲೆ, ಮಳೆ ಬಂದರೆ ಇರಲಿ ಎಂದು ಕೊಡೆ, ಬಿಸಿಲಿದ್ದರೆ ಇರಲಿ ಎಂದು ಇನ್ನೊಂದು ಕೊಡೆ. ನನ್ನಂಥ ನಿವೃತ್ತ ಮೇಷ್ಟರು ಬರೆದ ಪಟ್ಟಿಯಲ್ಲಿ ಯಾವ ವಸ್ತುವೂ ಗೈರುಹಾಜರಾಗುವಂತಿಲ್ಲ, ನೋಡಿ.

ಬೀಚನಹಳ್ಳಿಯ ಹತ್ತಿರ ಹಿನ್ನೀರಿನ ಬಯಲಿನಲ್ಲಿ ಮೂರು ದಿನದ ಸಂಗೀತೋತ್ಸವ. ಹಾಡುವವರೂ ಕೇಳುವವರೂ ಅಲ್ಲೇ ಡೇರೆಯಲ್ಲಿರಬೇಕು, ಡೇರೆಯನ್ನು ಅವರವರೇ ತರಬೇಕು. ಎರಡನೆಯ ಬೆಳಗ್ಗೆ ನನ್ನ ಹೆಂಡತಿ ಗೌರಮ್ಮನ ತತ್ವಪದ. ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಒತ್ತುವ ಗೌರವ ನನ್ನದು. ಇಷ್ಟೇ ಆಗಿದ್ದರೆ ಹಿಗ್ಗಬಹುದಿತ್ತು. ಆದರೆ ಆರು ತಿಂಗಳ ಹಿಂದೆ ಅವಳ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಮಾತು ಮರಳಿತ್ತು; ಹಾಡು ಮರಳುತ್ತದೆಯೇ ಎಂದು ಕೇಳಿದ್ದಕ್ಕೆ ಡಾಕ್ಟರು "ನೋಡೋಣ" ಎಂದಿದ್ದರು. ದಡ್ಡ ಹುಡುಗರ ತಂದೆತಾಯಿಗಳಿಗೆ ಜೀವನಪೂರ್ತಿ ನಾನು ಕೊಟ್ಟ ಉತ್ತರವೂ ಅದೇ ಆದ್ದರಿಂದ ಅದರ ಅರ್ಥ ನನಗೆ ಚೆನ್ನಾಗಿಯೇ ಗೊತ್ತಿತ್ತು.

ಅಂದಿನಿಂದ ಅವಳು ನನ್ನೆದುರಿಗೂ ಹಾಡಿರಲಿಲ್ಲ. ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕುಕ್ಕರು ಕೂಗುವ ಹೊತ್ತು ನೋಡಿ ಏನೋ ಅಭ್ಯಾಸ ಮಾಡುತ್ತಿದ್ದಳು. ಉತ್ಸವದವರು ಕರೆದಾಗ ಮಾತ್ರ ಒಂದೇ ಮಾತಿಗೆ ಒಪ್ಪಿಕೊಂಡಳು. ನನಗೆ ವಿಪರೀತ ಭಯವಾಗಿತ್ತು. ಭಯವಾದ ಗಂಡಸು ಹೆಂಡತಿಯ ಹತ್ತಿರ ಕೂತು ಅದನ್ನು ಹೇಳಿಕೊಳ್ಳುತ್ತಾನೆಯೇ? ಸಾಮಾನು ಕಟ್ಟುತ್ತಾನೆ.

ಡೇರೆಯ ಚಿಂತೆಯನ್ನು ಬಗೆಹರಿಸಿದವನು ಅವಳ ತಮ್ಮ ಶಿವಣ್ಣ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವನು. "ಡೇರೆಗ್ಯಾಕ್ ತಲೆ ಕೆಡಿಸ್ಕತ್ತೀರಿ ಭಾವ? ಸೊಪ್ಪಿನ್ ಬೇಲ್ ಮುಚ್ಚೋ ಟಾರ್ಪಾಲ್ ಐತೆ. ಮದ್ವೆ ಚಪ್ರನೇ ಆಕ್ಬೋದು ಅದ್ರಲ್ಲಿ" ಎಂದು ಮಾರನೆಯ ದಿನವೇ ತಂದು ಕೆಡವಿದ. ಹೊರಡಲು ನಾಲ್ಕು ದಿನವಿರುವಾಗ ಹಿತ್ತಿಲಿನಲ್ಲಿ ತಾಲೀಮು ನಡೆಯಿತು. ಎರಡು ಕೊಡೆ ಬಗ್ಗಿಸಿ, ಬಕೆಟ್ಟೊಂದನ್ನು ಒಡೆದು, ಅಂತೂ ಡೇರೆಯೆಂದು ಕರೆಯಬಹುದಾದ ಒಂದು ಆಕೃತಿಯನ್ನು ನಾವಿಬ್ಬರೂ ನಿಲ್ಲಿಸಿ, ಗೃಹಪ್ರವೇಶಕ್ಕೆಂದು ಗೌರಮ್ಮನನ್ನು ಕರೆದೆವು.

ಸೊಪ್ಪಿನ ಸೀಮೆಯಲ್ಲೇ ಹುಟ್ಟಿ ಬೆಳೆದ ನಮಗೆ ಅದರ ಘಾಟು ಘಾಟೆಂದೇ ತೋರುವುದಿಲ್ಲ. ಟಾರ್ಪಾಲಿನ ಮಡಿಕೆಗಳಲ್ಲಿ ವರ್ಷಗಳ ಸೊಪ್ಪಿನ ಪುಡಿ ಕೂತಿದೆ, ಬಿಸಿಲೇರಿದರೆ ಅದು ಮೇಲೇಳುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಒಳಗೆ ಹೋಗಿ ಕೂತ ಗೌರಮ್ಮ ಕೆಮ್ಮತೊಡಗಿದಳು. ಹೊರಗೆ ಕರೆತಂದ ಮೇಲೂ ಕೆಮ್ಮು ನಿಲ್ಲಲಿಲ್ಲ. ನಿಂತಾಗ ಅವಳ ಬಾಯಿಂದ ಬಂದದ್ದು ಬರೀ ಗಾಳಿ.

"ದೂಳ್ ಒದರ್ಕಂಡೇ ತಂದಿದ್ದೆ ಕಣಕ್ಕ" ಎಂದ ಶಿವಣ್ಣನ ಕಣ್ಣು ತುಂಬಿತ್ತು. ಅವಳು ತುಟಿಯ ಮೇಲೆ ಬೆರಳಿಟ್ಟಳು. ಆ ಬೆರಳು ಮೂರು ದಿನ ಇಳಿಯಲಿಲ್ಲ. ಬಿಸಿನೀರು, ಮೆಣಸಿನ ಕಷಾಯ, ಮೌನ. ಮಾತಿಲ್ಲದ ಮನೆಯನ್ನು ಹಿಂದೆ ಎಷ್ಟೋ ಸಲ ಹಾರೈಸಿದ್ದ ನಾನು, ಆ ಮೂರು ದಿನ ಗಡಿಯಾರದ ಸದ್ದಿಗೂ ಬೆಚ್ಚುತ್ತಿದ್ದೆ. ಮಾಡಿದ್ದು ನಾನೇ ಅಲ್ಲವೇ?

ಹೊರಡುವ ಬೆಳಗ್ಗೆ ಶಿವಣ್ಣ ಹೊಸ ಡೇರೆಯನ್ನು ಹಾಕಿಕೊಂಡು ಗಾಡಿ ತಂದ. ಬಾಗಿಲಲ್ಲೇ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕನ್ ಕೈಲಿ ಆಯ್ತದಾ ಭಾವ? ಇಲ್ದಿದ್ರೆ ಬರಕ್ಕಾಗಲ್ಲ ಅಂತ ಈಗ್ಲೇ ಯೋಳ್ಬುಡಿ. ಅಷ್ಟ್ ಜನದ್ ಮುಂದೆ ಅವ್ಳು ನಿಂತೋಗದ್ ಬ್ಯಾಡ" ಎಂದ. ನನಗೂ ಅದೇ ಸರಿಯೆನಿಸಿತು. ಫೋನು ತೆಗೆದು ಉತ್ಸವದವರ ಹೆಸರು ಹುಡುಕತೊಡಗಿದೆ.

"ಪೋನ್ ಮಡಗ್ರೀ ಕೆಳೀಕೆ! ಹಾಡೋಳು ನಾನು. ಬ್ಯಾಡ ಅನ್ನಕ್ಕೆ ನೀವ್ಯಾರು?"

ಬೆನ್ನ ಹಿಂದೆ ಗೌರಮ್ಮ. ಬೈಗುಳ ಕೇಳಿ ನಾನು ಅಷ್ಟು ಸುಖಪಟ್ಟದ್ದು ದಾಂಪತ್ಯದಲ್ಲೇ ಮೊದಲು. "ದನಿ ಬಂತಲ್ಲೇ!" ಎಂದೆ.

"ಬಯ್ಯಕ್ಕೆ ಬಂದ್ರೆ ಆಯ್ತಾ? ಪೆಟ್ಗೆ ತೆಗೀರಿ."

ಪಡಸಾಲೆಯಲ್ಲೇ ಕೂತು, ಎಂದಿನಂತೆ ಅವಳ ಶ್ರುತಿ ಹಿಡಿದೆ. ಅವಳು ತಲೆಯಾಡಿಸಿ, ಕೈಚಾಚಿ, ತಾನೇ ಪೆಟ್ಟಿಗೆಯ ಶ್ರುತಿಯನ್ನು ಎರಡು ಮನೆ ಕೆಳಕ್ಕೆ ಇಳಿಸಿದಳು. ಆಮೇಲೆ ಒಂದು ಸಾಲು ಹಾಡಿದಳು. ದನಿ ದಪ್ಪವಾಗಿತ್ತು, ಮೇಲೆ ಹೋಗುವಲ್ಲಿ ಸ್ವಲ್ಪ ಒರಟಾಗಿತ್ತು. ಹಿಂದೆ ಏರುತ್ತಿದ್ದ ಜಾಗದಲ್ಲಿ ಏರದೆ, ಬಳಸಿಕೊಂಡು, ಒಡೆಯದೆ ದಡ ಸೇರಿತು. ಅದು ಅಂದು ಹೊಳೆದ ಉಪಾಯವಲ್ಲ, ತಿಂಗಳುಗಟ್ಟಲೆ ತಿದ್ದಿದ ದಾರಿಯೆಂದು ನನ್ನಂಥ ಅರೆಕಿವುಡನಿಗೂ ತಿಳಿಯಿತು. ಹೋದದ್ದು ಯಾವಾಗ ಮರಳುವುದೋ ಎಂದು ನಾನು ಕಾಯುತ್ತಿದ್ದ ಕಾಲದಲ್ಲೆಲ್ಲ ಅವಳು ಮುಚ್ಚಿದ ಬಾಗಿಲ ಹಿಂದೆ ಉಳಿದದ್ದನ್ನು ಪಳಗಿಸುತ್ತಿದ್ದಳು.

"ಇನ್ಮೇಲೆ ನನ್ ಗಂಟ್ಲು ಇದೇ ಕಣ್ರೀ," ಎಂದಳು. "ಹಳೇದ್ನ ಕೇಳ್ಬೇಡಿ."

ನನಗೆ ಅಳು ಬಂತು. ಪೆಟ್ಟಿಗೆಯನ್ನು ನಿಲ್ಲಿಸದೆ, ಅವಳು ಇಳಿಸಿಟ್ಟ ಶ್ರುತಿಯಲ್ಲೇ ಒತ್ತುತ್ತ ಕೂತೆ.