ಕೀಳಿಸದ ದವಡೆ ಹಲ್ಲು

ಹುಣಸೂರಿನ ಹತ್ತಿರ, ಗುರುಪುರದ ಕಡೆಯ ನಮ್ಮ ಮನೆಯಲ್ಲಿ ಹಲ್ಲುನೋವಿಗೆ ಎರಡೇ ಮದ್ದು. ಹೊಗೆಸೊಪ್ಪಿನ ಚೂರನ್ನು ತೂತಿಗೆ ತುರುಕುವುದು. ಅದಕ್ಕೂ ಬಗ್ಗದಿದ್ದರೆ ಹುಣಸೂರಿಗೆ ಹೋಗಿ ಕೀಳಿಸಿಕೊಂಡು ಬರುವುದು. ಅಪ್ಪ ಹಾಗೇ ಮಾಡುತ್ತಿದ್ದರು. ಅಣ್ಣ ನಲವತ್ತೈದಕ್ಕೇ ಎರಡೂ ಕಡೆಯ ದವಡೆ ಹಲ್ಲು ಕಳೆದುಕೊಂಡು, ಮುದ್ದೆ ನುಂಗೋದಕ್ಕೆ ಹಲ್ಲು ಯಾಕೆ ಎಂದು ಹೇಳಿಕೊಂಡು ತಿರುಗುತ್ತಿದ್ದ.

ನನ್ನ ಕೆಳದವಡೆಯ ಹಲ್ಲು ಹುಳುಕಾದಾಗ ನಾನು ಕೀಳಿಸುವುದಿಲ್ಲ ಎಂದೆ. ಆ ಹಟಕ್ಕೆ ಒಳ್ಳೆಯ ಕಾರಣವೊಂದನ್ನು ಈಗ ಕಟ್ಟಬಲ್ಲೆ. ಆಗ ಇತ್ತೇ, ಗೊತ್ತಿಲ್ಲ. ಅಣ್ಣನಿಗೆ ಎದುರಾಡಬೇಕಿತ್ತು, ಅಷ್ಟೇ ಇರಬಹುದು.

ಹುಣಸೂರಿನ ಡಾಕ್ಟರಮ್ಮ ಎಕ್ಸ್‌ರೇ ತೋರಿಸಿ, ಹುಳುಕು ನರದವರೆಗೆ ಇಳಿದಿದೆ, ಬರೀ ಸಿಮೆಂಟ್ ತುಂಬಿದರೆ ಸಾಲದು, ರೂಟ್ ಕೆನಾಲ್ ಮಾಡಿ ಮೇಲೆ ಕ್ಯಾಪ್ ಹಾಕಬೇಕು ಎಂದರು. ಮೊದಲ ದಿನ ಇಂಜೆಕ್ಷನ್ ಕೊಟ್ಟು, ಕೊರೆದು, ಕೆಟ್ಟ ನರ ತೆಗೆದು, ತಾತ್ಕಾಲಿಕವಾಗಿ ಮುಚ್ಚಿದರು. ವಾರ ಬಿಟ್ಟು ಬನ್ನಿ, ನೋವಿಲ್ಲದಿದ್ದರೂ ಬನ್ನಿ ಎಂದು ಎರಡು ಸಲ ಹೇಳಿದರು. ಎರಡು ಸಲವೋ, ಎರಡನೆಯದು ನಾನು ಆಮೇಲೆ ಸೇರಿಸಿಕೊಂಡದ್ದೋ.

ನೋವು ಹೋಯಿತು. ನಾನು ಹೋಗಲಿಲ್ಲ. ಅದು ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್ನಿಗೆ, ಅಂದರೆ ಬೇಯಿಸುವ ಗೂಡಿಗೆ, ಸೊಪ್ಪು ಏರಿಸಿದ ಮೇಲೆ ಐದಾರು ದಿನ ಕಾವು ನೋಡುತ್ತಾ ಅಲ್ಲೇ ಇರಬೇಕು. ಒಂದು ಇಳಿಸುವಷ್ಟರಲ್ಲಿ ಇನ್ನೊಂದು ಏರುತ್ತದೆ. ಎಲ್ಲರಿಗೂ ಹೀಗೆಂದೇ ಹೇಳಿದೆ. ನಿಜವೆಂದರೆ ಆ ನಡುವೆ ಬ್ಯಾರನ್ನಿನ ಸೌದೆಗೆ ರೇಟು ಮಾತಾಡಲು ಹುಣಸೂರಿಗೇ ಹೋಗಿದ್ದೆ, ಆ ಕ್ಲಿನಿಕ್ಕಿನ ಮುಂದೆಯೇ ಹಾದು.

ಮುಚ್ಚಿದ್ದು ಕಿತ್ತುಬಂತು. ಕೈಗೆ ಸಿಕ್ಕ ಹೊಗೆಸೊಪ್ಪನ್ನೇ ತೂತಿಗೆ ಒತ್ತಿದೆ. ಹೌದು, ನಾನೇ. ಅಭ್ಯಾಸಬಲದಿಂದ ಕೈ ತಾನಾಗಿ ಹೋಯಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಂಬಿಯೇ ಒತ್ತಿದ್ದು. ಕೆಲವೇ ದಿನಗಳಲ್ಲಿ ಕೆನ್ನೆ ಊದಿತು, ಹಲ್ಲಿನ ಒಂದು ಗೋಡೆ ಮುರಿದುಬಿತ್ತು.

ಅಣ್ಣನಿಗೆ ಖುಷಿಯಾಯಿತೆಂದು ಹೇಳಲಾರೆ. ಅವನೇ ಬೈಕಿನಲ್ಲಿ ಕರೆದುಕೊಂಡು ಹೋದ, ಒಳಗೂ ಬಂದ. ಡಾಕ್ಟರಮ್ಮ ನನ್ನ ಬಾಯಿಂದ ಕಪ್ಪು ಎಳೆಯೊಂದನ್ನು ಚಿಮಟದಲ್ಲಿ ಎತ್ತಿ ಹಿಡಿದರು.

"ಏನ್ರಿ ಇದು?"

ನನ್ನ ಬಾಯಿ ತೆರೆದೇ ಇತ್ತು. ಅಣ್ಣ ಉತ್ತರಿಸಿದ. "ನಮ್ಮನೆ ಸೊಪ್ಪೇ ಮೇಡಮ್ಮೋರೆ. ಒಳ್ಳೆ ಗ್ರೇಡು."

ಅವರು ನಗಲಿಲ್ಲ. ಉಳಿದಿರುವುದು ಅರ್ಧ ಹಲ್ಲು, ಕೀಳುವುದೇ ಸುಲಭ ಎಂದರು. ಅಣ್ಣ ನನ್ನ ಕಡೆ ಬಗ್ಗಿದ.

"ಕೀಳ್ಸಾಕ್ ಬುಡ್ಲಾ. ಅರ್ಧ ಹಲ್ಲಿಟ್ಕಂಡು ಯಾರ್ನ ಕಚ್ಬೇಕು ನೀನು?"

ನಾನು ಎದ್ದು ಕೂತು, ಬಾಯಲ್ಲಿದ್ದುದನ್ನು ಉಗಿದು, ಡಾಕ್ಟರಮ್ಮನಿಗೆ ಹೇಳಿದೆ. "ಅರ್ಧ ಐತಲ್ಲ ಮೇಡಮ್. ಅದುನ್ನೇ ಉಳ್ಸಿಕೊಡಿ."

ಗ್ಯಾರಂಟಿ ಕೊಡುವುದಿಲ್ಲ ಎಂದರು. ನಾನು ಕೇಳಿರಲಿಲ್ಲ. ಮಾತ್ರೆ ನುಂಗಿ ಊತ ಇಳಿದ ಮೇಲೆ ಮೂರು ಸಲ ಹೋದೆ. ಮೂರೋ ನಾಲ್ಕೋ, ಚೀಟಿ ಕಳೆದಿದೆ. ಸೊಪ್ಪು ಬ್ಯಾರನ್ನಿನಲ್ಲಿದ್ದಾಗಲೂ, ಕಾವು ನೋಡಲು ಅಣ್ಣನನ್ನೇ ಕೂರಿಸಿ ಹೋದೆ. ಬೇರುಗಳನ್ನು ತೊಳೆದು ತುಂಬಿದರು, ಮುರಿದ ಗೋಡೆ ಕಟ್ಟಿದರು, ಅಳತೆಗೆ ಅಚ್ಚು ತೆಗೆದು ಲೋಹದ ಕ್ಯಾಪ್ ಕೂರಿಸಿದರು. ಹಲ್ಲಿನ ಬಣ್ಣದ್ದು ಬೇಡವೇ ಎಂದದ್ದಕ್ಕೆ, ಕಾಣಲಿ ಬಿಡಿ ಎಂದೆ.

ಮೂಳೆ ಕಡಿಯಬೇಡಿ ಎಂದಿದ್ದಾರೆ. ಮೂಳೆ ಬಿಟ್ಟಿದ್ದೇನೆ. ಬಾಡನ್ನು ಆ ಕಡೆಯಿಂದಲೇ ಅಗಿಯುತ್ತೇನೆ. ಇನ್ನೆಷ್ಟು ವರ್ಷ ನಿಲ್ಲುತ್ತದೋ. ಬೀಳುವುದಿದ್ದರೆ ತಾನಾಗಿ ಬೀಳಲಿ, ನಾನಂತೂ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ಅದನ್ನು ಒಪ್ಪಿಸುವುದಿಲ್ಲ.