ಎಮ್ಮೆ ಗೂಟವಾಗಿದ್ದ ಒನಕೆ

ನಿಜವಾಗಿ ಆದದ್ದು ಇಷ್ಟೆ: ಲೋಕಕ್ಕೆಲ್ಲ ರೋಗ ಬಂದ ಆ ಬೇಸಿಗೆಯಲ್ಲಿ ನಮ್ಮ ಮನೆ ತುಂಬ ಕಾಳಿತ್ತು, ಅದನ್ನು ಅನ್ನ ಮಾಡಿಕೊಳ್ಳುವ ದಾರಿ ಮಾತ್ರ ಇರಲಿಲ್ಲ. ಕಾಲುವೆ ನೀರು ಬಂದ ಮೇಲೆ ಜೋಳ, ನವಣೆ ಬಿಟ್ಟು ಹೊಲದ ತುಂಬ ಭತ್ತ ಹಚ್ಚಿದ್ದೆವು. ಅದನ್ನು ಶಹಾಪುರದ ಮಿಲ್ಲಿಗೆ ಒಯ್ದು ಅಕ್ಕಿ ಮಾಡಿಸಿಕೊಂಡು ಬರುವುದು ರೂಢಿ. ಆಗ ರಸ್ತೆಯೂ ಬಂದ್, ಮಿಲ್ಲೂ ಬಂದ್.

"ಅತ್ತಿ, ನಾಳಿಗಷ್ಟ ಅಕ್ಕಿ ಐತ್ರಿ," ಎಂದಳು ಸೊಸೆ.

"ಪಡಸಾಲಿ ತುಂಬ ಚೀಲ ಅದಾವಲ್ಲ?"

"ಅವು ಭತ್ತರಿ. ಹಂಗ ನುಂಗಾಕ ನಾವೇನು ಕೋಳಿ ಏನ್ರಿ?"

ಸಿಟ್ಟು ಬಂತು, ಅವಳ ಮೇಲಲ್ಲ. ಹುಡುಗಿಯಾಗಿದ್ದಾಗ ನಾನು ದಿನಾ ನವಣೆ ಕುಟ್ಟಿದವಳು. ಮಿಲ್ಲಿದೆ ಎಂದು ಒನಕೆಯನ್ನು ಎಮ್ಮೆ ಕಟ್ಟುವ ಗೂಟ ಮಾಡಿದವಳೂ ನಾನೇ. ಸೊಸೆಗೆ ಕುಟ್ಟುವುದನ್ನು ಕಲಿಸಿರಲೇ ಇಲ್ಲ.

"ಒನಕಿ ಐತಿ, ಕುಟ್ಟೋಣು," ಎಂದೆ.

"ಈ ವಯಸ್ಸಿನ್ಯಾಗ ನಿಮ್ಮ ಕೈಲೆ ಆಗ್ತೈತೇನ್ರಿ?"

"ನನ್ನ ಕೈಲೆ ಯಾಕ? ನಿನ್ನ ಕೈಗೇನು ಮೆಹಂದಿ ಹಚ್ಯಾರೇನು? ಓಣ್ಯಾಗ ಎಲ್ಲಾರ ಮನ್ಯಾಗೂ ಇದ ಹಣೇಬಾರ. ಎಲ್ಲಾರೂ ಕಲೀರಿ."

ಮರುದಿನ ಬೆಳಿಗ್ಗೆ ಎಮ್ಮೆಯನ್ನು ಬೇವಿನ ಮರಕ್ಕೆ ಕಟ್ಟಿದೆ. ಒನಕೆ ಕಿತ್ತು, ತಿಕ್ಕಿ ತೊಳೆದು ಬಿಸಿಲಿಗಿಟ್ಟೆ. ಅದು ಒಣಗುವಷ್ಟರಲ್ಲಿ ಓಣಿಯ ಐದಾರು ಹೆಂಗಸರನ್ನು ಕರೆದು, ಸೆರಗಿನಿಂದ ಮೂಗು ಮುಚ್ಚಿಸಿ, ದೂರ ದೂರ ನಿಲ್ಲಿಸಿದೆ. ಆಮೇಲೆ ಒರಳಿಗೆ ಒಂದು ಬೊಗಸೆ ಭತ್ತ ಹಾಕಿ, ಒನಕೆಯನ್ನು ಸೊಸೆಯ ಕೈಗೆ ಕೊಟ್ಟೆ.