ಕೊನೆಯ ಟ್ಯಾಂಕಿನ ಅಳತೆ

ಮಕ್ಕಳೇ, ನಿಮ್ಮ ಅಜ್ಜ ಶಿಕಾರಿಪುರದ ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸಿದವರು. ಬಟ್ಟೆಯನ್ನು ಎಳೆದು ಅಳೆಯುವ ವ್ಯಾಪಾರಿಯನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹಾಸಿ, ಸುಕ್ಕು ಬಿಡಿಸಿ, ಕೈ ಸಡಿಲ ಬಿಟ್ಟು ಅಳೆಯಬೇಕು ಅನ್ನುತ್ತಿದ್ದರು. ಅಂಗಡಿಯನ್ನು ನಿಮ್ಮ ಅಮ್ಮನಿಗೆ ಒಪ್ಪಿಸಿದ ಮೇಲೆ ಕೊಂಡ ಹೈಬ್ರಿಡ್ ಕಾರಿಗೂ ಅದೇ ನ್ಯಾಯ. ಪೆಟ್ರೋಲಿನಲ್ಲೂ ಬ್ಯಾಟರಿಯಲ್ಲೂ ಓಡುವ ಆ ಕಾರು ಲೀಟರಿಗೆ ಎಷ್ಟು ಕಿಲೋಮೀಟರು ಕೊಡುತ್ತದೆಂದು ಎದುರಿನ ಪರದೆಯೇ ತೋರಿಸುತ್ತಿತ್ತು. ಅವರು ಅದನ್ನು ನಂಬಲಿಲ್ಲ.

“ತನ್ನ ಮಾಲು ತಾನೇ ಹೊಗಳ್ಕಂಡ್ರೆ ಆತೇನೆ?” ಎಂದು ನನ್ನನ್ನು ಕೇಳಿದರು.

ಅವರ ಕ್ರಮ ಹೀಗಿತ್ತು. ಯಾವಾಗಲೂ ಒಂದೇ ಬಂಕು, ಅಲ್ಲಿಯೂ ಸಮತಟ್ಟಾದ ಜಾಗದಲ್ಲಿರುವ ಒಂದೇ ಪಂಪು. ಟ್ಯಾಂಕು ತುಂಬಿ ಪೈಪು ತಾನಾಗಿಯೇ ಮೊದಲ ಸಲ ಕಟ್ ಆದ ಕೂಡಲೇ ನಿಲ್ಲಿಸಬೇಕು, ಮೇಲೊಂದು ಹನಿ ಬೇಡ. ಆಗ ಕಿಲೋಮೀಟರಿನ ಟ್ರಿಪ್ ಮೀಟರನ್ನು ಸೊನ್ನೆ ಮಾಡಬೇಕು. ಮುಂದೆ ಟ್ಯಾಂಕು ಖಾಲಿಯಾಗುತ್ತಾ ಬರುವ ತನಕ ಓಡಿಸಿ, ಮತ್ತೆ ಅಲ್ಲೇ ಬಂದು ಮೊದಲ ಕಟ್‌ವರೆಗೆ ತುಂಬಿಸಬೇಕು. ಎರಡನೆಯ ಸಲ ಹಿಡಿದ ಲೀಟರು ಎಷ್ಟೋ ಅಷ್ಟೇ ನಾವು ಉರಿಸಿದ್ದು. ಸ್ವಲ್ಪ ದೂರ ಓಡಿಸಿ ಅಳೆದರೆ ಸುಳ್ಳು. ಬ್ಯಾಟರಿ ತುಂಬಿದ್ದ ದಿನ ಪೆಟ್ರೋಲು ಕಡಿಮೆ ಉರಿಯುತ್ತದೆ, ಮಾರನೆಯ ದಿನ ಅದನ್ನು ತುಂಬಿಸಲು ಇಂಜಿನ್ನು ಹೆಚ್ಚು ದುಡಿಯುತ್ತದೆ.

ಬಂಕಿನ ಹುಡುಗಿ, “ಯಜಮಾನ್ರೇ, ರೌಂಡ್ ಫಿಗರ್ ಮಾಡ್ಲೇನ್ರಿ?” ಎಂದು ಪ್ರತಿ ಸಲವೂ ಕೇಳುವಳು.

“ಬ್ಯಾಡವ್ವಾ, ನಿನ್ ಕೈ ಮುಗೀತೀನಿ!” ಎಂದು ಇವರು ಕೂಗುವರು.

ಸೊನ್ನೆ ಒತ್ತುವುದೂ ಭಾಗಾಕಾರ ಮಾಡುವುದೂ ನನ್ನ ಕೆಲಸ. ನಾನು ಕಲಿತದ್ದು ಸೊರಬದ ಕಡೆಯ ಉಳವಿ ಹತ್ತಿರದ ಹಳ್ಳಿ ಶಾಲೆಯಲ್ಲಿ. ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ಆದರೆ ಕಾರಿನೊಳಗೆ ನಾವಿಬ್ಬರೇ ಇದ್ದಾಗ ಬಾಯಿಲೆಕ್ಕ ಮಾಡಿ ಹೇಳುತ್ತಿದ್ದೆ. ಅವರು “ಹೌದೇನ್ರೀ ಟೀಚರಮ್ಮ?” ಎಂದು ಕಾಡಿಸಿ, ಗಾಡಿ ನಿಲ್ಲಿಸಿ ತಾವೂ ಒಮ್ಮೆ ಮಾಡಿ ನೋಡುವರು. ತಪ್ಪು ಸಿಗದಿದ್ದರೆ ಅವರಿಗೇ ಬೇಸರ.

ಆ ವರ್ಷ ಉಳವಿಯಲ್ಲಿದ್ದ ನಮ್ಮ ಅಕ್ಕ ಬಿದ್ದು ಸೊಂಟ ಮುರಿದುಕೊಂಡಿದ್ದಳು. ವಾರವಾರವೂ ಅವಳನ್ನು ನೋಡಲು ಹೋಗುತ್ತಿದ್ದೆವು. “ಈ ಒಂದ್ ಟ್ಯಾಂಕು ನಾವಿಬ್ರೇ ಓಡಾಡಿದ್ದು ಅಂತ ಇರ್ಲಿ. ಬ್ಯಾರೆ ಯಾರ ಕೈಗೂ ಗಾಡಿ ಕೊಡದು ಬ್ಯಾಡ. ಖರೇ ಅಳತಿ ಸಿಗ್ತೈತಿ” ಎಂದರು ಅಜ್ಜ. ಟ್ಯಾಂಕು ತುಂಬಿಸಿಕೊಂಡು ನಾನು ಸೊನ್ನೆ ಒತ್ತಿದೆ.

ಆ ಟ್ಯಾಂಕಿನಲ್ಲೇ ಒಂದು ಸಂಜೆ ಸೊರಬದಿಂದ ಗುಡವಿಯ ಪಕ್ಷಿಧಾಮಕ್ಕೆ ಹೋದೆವು. ಕೆರೆಯ ಹತ್ತಿರ ಇಂಜಿನ್ನು ತಾನಾಗಿ ನಿಂತು, ಕಾರು ಬರೀ ಬ್ಯಾಟರಿಯಲ್ಲಿ ಸದ್ದಿಲ್ಲದೆ ಸಾಗಿತು. ದಾರಿಯಂಚಿಗಿದ್ದ ಕೊಕ್ಕರೆಯೊಂದು ಹಾರದೆ ನಮ್ಮನ್ನೇ ನೋಡುತ್ತಾ ನಿಂತಿತ್ತು. “ಅದಕ್ಕೆ ನಾವ್ ಬಂದಿದ್ದೇ ಗೊತ್ತಾಗಿಲ್ಲ ಕಾಣ್ರೀ” ಎಂದೆ. ಅವರು ತುಟಿಯ ಮೇಲೆ ಬೆರಳಿಟ್ಟರು.

ಶನಿವಾರ ಮನೆಗೆ ಬಂದಾಗ ಪೆಟ್ರೋಲಿನ ಮುಳ್ಳು ತಳಕ್ಕೆ ಬಂದಿತ್ತು. ಸೋಮವಾರ ಬಂಕಿಗೆ ಹೋಗೋಣ ಎಂದರು. ಭಾನುವಾರ ಬೆಳಿಗ್ಗೆ ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಕುಸಿದರು. ಬಾಗಿಲು ತೆಗೆಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮನೆ ತುಂಬ ಜನ. ಯಾರು ಬಂದರೋ, ಏನು ಹೇಳಿದರೋ ನನಗೆ ನೆನಪಿಲ್ಲ. ಅಂಗಳದಲ್ಲಿ ನಿಂತ ಕಾರು ಮಾತ್ರ ಕಿಟಕಿಯಿಂದ ಕಾಣುತ್ತಿತ್ತು. ಅದರ ಟ್ಯಾಂಕು ಎಷ್ಟು ಬರಿದಾಗಿತ್ತೋ ಅಷ್ಟೂ ನಾವಿಬ್ಬರು ಓಡಾಡಿ ಮುಗಿಸಿದ್ದು. ಎಲ್ಲ ಕಾರ್ಯ ಮುಗಿಯಲಿ, ಮಗಳ ಜೊತೆ ಅದೇ ಬಂಕಿಗೆ ಹೋಗಿ ಮೊದಲ ಕಟ್‌ವರೆಗೆ ತುಂಬಿಸಿ, ಅವರು ಕೇಳಿದ ಲೆಕ್ಕವನ್ನು ಮಾಡಿಬಿಡುತ್ತೇನೆ ಅಂದುಕೊಂಡೆ. ಆ ಒಂದು ಆಸೆ ಹಿಡಿದುಕೊಂಡೇ ಊಟಕ್ಕೆ ಏಳುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಗಂಡ ಸತ್ತ ಮನೆಯಲ್ಲಿ ಪೆಟ್ರೋಲಿನ ಮಾತು ಹೇಗೆ ಎತ್ತಲಿ?

ಕಾರ್ಯದ ದಿನ ನಿಮ್ಮ ಚಿಕ್ಕಜ್ಜ, ಅಂದರೆ ಅಜ್ಜನ ತಮ್ಮ, ಬಂದು ಕೇಳಿದರು. “ಅತ್ತಿಗೆ, ತೊಗರ್ಸಿಯಿಂದ ವಯಸ್ಸಾದೋರನ್ನ ಕರ್ಕಂಡ್ ಬರ್ಬೇಕು. ಅಣ್ಣನ ಗಾಡಿ ಒಯ್ಯಲೇನ್ರಿ?”

ಬೇಡವೆನ್ನಲು ನಾಲಿಗೆ ಏಳಲಿಲ್ಲ. ತೊಗರ್ಸಿಗೆ ಹೋಗಿ ಬರುವ ದಾರಿಯನ್ನೂ ಅದಕ್ಕೆ ಉರಿದ ಪೆಟ್ರೋಲನ್ನೂ ಆಮೇಲೆ ಅಂದಾಜಿನಲ್ಲಿ ಕಳೆದರಾಯಿತು ಎಂದುಕೊಂಡು ಹೂಂ ಎಂದೆ.

ಮಧ್ಯಾಹ್ನ ಬಂದು ಕೀಲಿ ಕೊಟ್ಟರು. “ಟ್ಯಾಂಕ್ ಭರ್ತಿ ಮಾಡ್ಸೀನಿ ಅತ್ತಿಗೆ. ಕಂಠಮಟ! ಗಾಡಿ ಅಳ್ಳಾಡ್ಸಿ ಅಳ್ಳಾಡ್ಸಿ ಹಾಕ್ಸೀನಿ.”

ಮೊದಲ ಕಟ್ ದಾಟಿ ತುಂಬಿಸಿಬಿಟ್ಟಿದ್ದರು. ಅವರದೇನೂ ತಪ್ಪಿಲ್ಲ. ಕಡ ತಂದ ಪಾತ್ರೆಯನ್ನು ಬರಿದು ಮಾಡಿ ಹಿಂದಿರುಗಿಸಬಾರದು, ಒಂದು ಹಿಡಿ ಅಕ್ಕಿಯನ್ನಾದರೂ ಹಾಕಿ ಕೊಡಬೇಕು ಎಂದು ನಮ್ಮ ಅತ್ತೆ ಎಲ್ಲರಿಗೂ ಕಲಿಸಿದ್ದರು.

“ಎಷ್ಟು ಹಿಡೀತು?” ಎಂದೆ. ಲೀಟರು ಗೊತ್ತಾದರೆ ಹೇಗೋ ಹತ್ತಿರಕ್ಕಾದರೂ ಬರಬಹುದಿತ್ತು.

“ಏ, ಅದೊಂದ್ ಮಾತ್ರ ಕೇಳ್ಬ್ಯಾಡ್ರಿ!” ಅವರ ಕಣ್ಣು ತುಂಬಿ ಬಂತು. “ಅಣ್ಣನ ಗಾಡಿಗ್ ಎಣ್ಣಿ ಹಾಕ್ಸಿ ನಿಮ್ ಹತ್ರ ರೊಕ್ಕ ಇಸ್ಕಳ್ಲೇನ್ರಿ? ನೀವ್ ಕೇಳ್ತೀರಿ ಅಂತನೇ ಚೀಟಿ ಅಲ್ಲೇ ಹರ್ದು ಬಿಸಾಕಿ ಬಂದೀನಿ.”

“ರೊಕ್ಕಕ್ಕಲ್ಲ…” ಎಂದೆ. ಅಷ್ಟರಲ್ಲಿ ಯಾರೋ ಅವರನ್ನು ಪಂಕ್ತಿಗೆ ಕರೆದರು.

ಎಲೆಯ ಮುಂದೆ ಕೂತವರಿಗೆ ನಾನೇ ಪಾಯಸ ಬಡಿಸಿದೆ. ಅಣ್ಣನಿಗೆ ಪ್ರೀತಿಯೆಂದು ಚಿಕ್ಕಜ್ಜ ಎರಡು ಸಲ ಹಾಕಿಸಿಕೊಂಡು ಅಳುತ್ತಾ ಉಂಡರು. ಆಗ ಹೇಗೆ ಹೇಳಲಿ? ಊಟ ಮುಗಿದ ಮೇಲೆ ಕಾರಿನಲ್ಲಿ ಕೂತು ನೋಡಿದೆ. ಕಿಲೋಮೀಟರು ಇತ್ತು. ಭಾಗಿಸಲು ಲೀಟರು ಇರಲಿಲ್ಲ.

ಈಗ ನಿಮ್ಮ ಅಮ್ಮ ಆ ಕಾರು ಓಡಿಸುತ್ತಾಳೆ. ಪರದೆ ತೋರಿಸಿದ್ದನ್ನೇ ನಂಬುತ್ತಾಳೆ. ನಾನು ಬೇಡ ಅನ್ನುವುದಿಲ್ಲ. ಚಿಕ್ಕಜ್ಜ ಬಂದಾಗಲೆಲ್ಲ ಬಾನೆಟ್ಟಿನ ಮೇಲೆ ಕೈಯಾಡಿಸಿ, “ಅಣ್ಣನ ಗಾಡಿ ಎಷ್ಟ್ ಕೊಡ್ತೈತ್ರಿ ಅತ್ತಿಗೆ?” ಎಂದು ಕೇಳುತ್ತಾರೆ. ಚೆನ್ನಾಗೇ ಕೊಡ್ತದೆ ಅನ್ನುತ್ತೇನೆ. ಅವರಿಗೆ ಸಮಾಧಾನವಾಗುತ್ತದೆ. ನೀವು ಇದನ್ನು ಓದಿದ ಮೇಲೆಯೂ ಅವರಿಗೆ ಏನೂ ಹೇಳಬೇಡಿ, ಮಕ್ಕಳೇ.